ಚೌಕಟ್ಟಿನ ಹಿಂದಿನ ಹಲಗೆ

ಗಾಜು ಒಡೆಯಲು ಎಷ್ಟು ಜೋರಾಗಿ ಹೊಡೆಯಬೇಕು ಎಂಬುದು ನೀಲಗಂಗಾಗೆ ಗೊತ್ತಿರಲಿಲ್ಲ. ಮೊದಲ ಸಲ ಅಡಕೊತ್ತಿನ ಹಿಡಿಕೆಯಿಂದ ಮೆಲ್ಲಗೆ ತಟ್ಟಿದಳು. ಏನೂ ಆಗಲಿಲ್ಲ. ಚಿತ್ರದೊಳಗಿನ ಅಕ್ಕಲಕೋಟದ ಸ್ವಾಮಿಗಳು ಕೂತವರು ಕೂತೇ ಇದ್ದರು, ಅವಳನ್ನು ನೋಡುತ್ತಲೇ ಇದ್ದರು.

"ತಪ್ಪಾತ್ರೀ ಸ್ವಾಮಿ," ಎಂದಳು. "ನಿಮಗ ಹೊಡ್ಯಾಕತ್ತಿಲ್ಲ. ಕಾಚಿಗೆ ಹೊಡ್ಯಾಕತ್ತೀನಿ."

ಎರಡನೆಯ ಸಲ ಕಣ್ಣು ಮುಚ್ಚಿ ಹೊಡೆದಳು. ಕಣ್ಣು ತೆರೆದಾಗ ಮೂಲೆಯಿಂದ ಹೊರಟ ಒಂದು ಗೆರೆ ಸ್ವಾಮಿಗಳ ಹೆಗಲ ತನಕ ಬಂದು ನಿಂತಿತ್ತು. ಕೆಳಗೆ ಅಡುಗೆಮನೆಯಲ್ಲಿ ಅತ್ತೆ ಉಮಾಬಾಯಿ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನೀಲಗಂಗಾ ಅಡಕೊತ್ತನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಆನಿಕೊಂಡಳು.

ಅದು ಮೇಲಿನ ಖೋಲಿ. ಒಂದು ಕಾಲಕ್ಕೆ ಅವಳ ಮಾವ ಸಿದ್ದಣ್ಣ ಪೂಜೆಗೆ ಕೂಡುತ್ತಿದ್ದ ಜಾಗ. ಸೋಲಾಪುರದ ಪೇಟೆಯಲ್ಲಿ ಚಾದರದ ಅಂಗಡಿ ಇಟ್ಟು, ನಾಲ್ಕು ಜನರ ಬಾಯಲ್ಲಿ ಒಳ್ಳೆಯವನೆನಿಸಿಕೊಂಡು ಹೋದ ಮನುಷ್ಯ. ಆ ಚಿತ್ರವನ್ನು ಅವನೇ ಅಕ್ಕಲಕೋಟದಿಂದ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದನಂತೆ. ಅವನು ತೀರಿದ ಮೇಲೆ ಖೋಲಿ ಮಗ ಶಾಂತಲಿಂಗಪ್ಪನಿಗೂ ಸೊಸೆಗೂ ಬಂತು. ಚಿತ್ರ ಮಾತ್ರ ಅಲ್ಲೇ ಉಳಿಯಿತು. ಉಮಾಬಾಯಿ ದಿನಾ ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದು, ಹೂ ಏರಿಸಿ, ಗಾಜಿಗೆ ಹಣೆ ಹಚ್ಚಿ ಇಳಿಯುತ್ತಿದ್ದಳು.

ಆ ಚಿತ್ರಕ್ಕೂ ಅದರ ಹಿಂದಿನ ಹಲಗೆಗೂ ನಡುವೆ ಏನಿದೆ ಎಂಬುದು ಮನೆಯಲ್ಲಿ ಇಬ್ಬರಿಗೇ ಗೊತ್ತು. ಇಟ್ಟವನಿಗೆ, ಮತ್ತು ಅದರ ಪೆಟ್ಟು ತಿನ್ನುತ್ತಿದ್ದವಳಿಗೆ.

ಶಾಂತಲಿಂಗಪ್ಪ ವ್ಯಾಪಾರಕ್ಕೆಂದು ಮುಂಬೈಗೆ ಹೋದಾಗಲೆಲ್ಲ ತರುತ್ತಿದ್ದ. ಪರದೇಶದ ನುಣುಪು ಕಾಗದದ ಬಣ್ಣದ ಹಾಳೆಗಳು, ಅವುಗಳ ತುಂಬ ಬೆತ್ತಲೆ ಹೆಂಗಸರು. ಇಡೀ ಪುಸ್ತಕ ದಪ್ಪವಾಗುತ್ತದೆಂದು ಬೇಕಾದ ಹಾಳೆಗಳನ್ನಷ್ಟೇ ಹರಿದು ಇಟ್ಟುಕೊಳ್ಳುತ್ತಿದ್ದ. ಕಪಾಟಿನ ಕೀಲಿ, ತಿಜೋರಿಯ ಕೀಲಿ, ಬಾಗಿಲ ಕೀಲಿ ಎಲ್ಲ ಅವ್ವನ ಸೊಂಟದಲ್ಲಿ. ದೇವರ ಚಿತ್ರದ ಬೆನ್ನು ಬಿಚ್ಚಿ ನೋಡುವವರು ಯಾರಿದ್ದಾರೆ?

ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿ ಊಟಕ್ಕೆ ಬರುತ್ತಿದ್ದ. ಉಂಡಾದ ಮೇಲೆ ಉಮಾಬಾಯಿ ಮಠಕ್ಕೆ ಪುರಾಣ ಕೇಳಲು ಹೋಗುವಳು. ಅವಳ ಚಪ್ಪಲಿಯ ಸದ್ದು ಗಲ್ಲಿ ದಾಟಿದ್ದೇ ತಡ, ಮೇಲಿನ ಖೋಲಿಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸ್ವಾಮಿಗಳು ಗೋಡೆಯಿಂದ ಇಳಿಯುತ್ತಿದ್ದರು. ಹಲಗೆಯ ಸಣ್ಣ ಮೊಳೆಗಳು ಸರಿಯುತ್ತಿದ್ದವು. ಹಾಳೆಗಳು ಹಾಸಿಗೆಯ ಮೇಲೆ ಬೀಳುತ್ತಿದ್ದವು.

"ನೋಡು," ಎನ್ನುತ್ತಿದ್ದ. "ಹಿಂಗಿರಬೇಕು ಹೆಣಮಗಳಂದ್ರ. ಕೈ ಕಟ್ಟ್ಯಾರ, ಹೊಡದಾರ, ಆದ್ರೂ ನಗಾಕತ್ತಾಳ. ನಿನಗೇನ ಧಾಡಿ ಅಳಾಕ?"

ನೀಲಗಂಗಾಗೆ ನಗು ಬರುತ್ತಿರಲಿಲ್ಲ. ಬರದಿದ್ದುದಕ್ಕೆ ಪೆಟ್ಟು, ಪೆಟ್ಟಿಗೆ ಅಳು, ಅತ್ತದ್ದಕ್ಕೆ ಮತ್ತೆ ಪೆಟ್ಟು. ಕಾಗದದ ಮೇಲಿನವಳು ಬೇಡ ಅನ್ನುವುದಿಲ್ಲ, ಸಾಕು ಅನ್ನುವುದಿಲ್ಲ. ಅವಳ ಎದುರಿಗೆ ಭಂಡಾರಕವಠೆಯ ಒಕ್ಕಲುತನದ ಮನೆಯ ಹುಡುಗಿ ದಿನ ದಿನವೂ ಸೋಲುತ್ತಿದ್ದಳು. ಚಾದರದ ಗಂಟು ಬಿಗಿಯುವ ಸುತಳಿಯನ್ನು ಅವನೇ ಅಂಗಡಿಯಿಂದ ಕಿಸೆಯಲ್ಲಿ ತರುತ್ತಿದ್ದ. ಹಿಂದಿನ ಗಲ್ಲಿಯಲ್ಲಿ ಮಗ್ಗಗಳು ಹಗಲೆಲ್ಲ ಖಡಖಡ ಅನ್ನುತ್ತಿದ್ದವು. ಆ ಸದ್ದಿನೊಳಗೆ ಒಬ್ಬಳ ದನಿ ಎಷ್ಟರದು.

ಮದುವೆಯ ಹೊಸದರಲ್ಲಿ ಅವನು ಹೀಗಿರಲಿಲ್ಲ ಎಂದು ನೆನೆಯಲು ಅವಳಿಗೆ ಆಸೆ. ಆದರೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಆಗಲೂ ತಾಟು ಒದ್ದವನೇ ಅವನು. ಹಾಳೆಗಳು ಬಂದ ಮೇಲೆ ಆ ಸಿಟ್ಟಿಗೆ ಒಂದು ಮೇಲ್ಪಂಕ್ತಿ ಸಿಕ್ಕಿತ್ತು. ತಾನು ಮಾಡುವುದು ತಪ್ಪಲ್ಲ, ಇವಳು ಅಳುವುದೇ ತಪ್ಪು ಎಂದು ಅವನು ನಂಬಿಬಿಟ್ಟಿದ್ದ.

ಹೇಳಬೇಕೆಂದರೆ ಯಾರಿಗೆ ಹೇಳುವುದು? ಪಂಚಮಿಗೆ ತವರಿಗೆ ಹೋದಾಗ ಅವ್ವನ ಮುಂದೆ ಅರ್ಧ ಮಾತು ಆಡಿದ್ದಳು. "ಗಂಡಸರು ಎಲ್ಲಾರೂ ಅಷ್ಟ," ಎಂದು ಅವ್ವ ಬಾಯಿ ಮುಚ್ಚಿಸಿದಳು. ಅಪ್ಪ ಸಾತಲಿಂಗಪ್ಪ, "ಉಮಕ್ಕನಂಥಾ ಅತ್ತಿ ಸಿಕ್ಕಾಳ ನಿನಗ. ಆಕಿ ಒಂದ ಮಾತು ಅಂದ್ರ ನಾ ಕೇಳೇನು. ಆಕೀನ ಏನೂ ಅಂದಿಲ್ಲ, ನಿಂದೇನ ಫಿರ್ಯಾದಿ?" ಎಂದು ಗಾಡಿ ಕಟ್ಟಿಸಿ ತಾನೇ ಕರೆತಂದು ಬಿಟ್ಟು ಹೋದ.

ಉಮಾಬಾಯಿಗೆ ಏನೂ ಗೊತ್ತಿರಲಿಲ್ಲ. ಸೊಸೆಯ ಮಣಿಕಟ್ಟಿನ ಸುತ್ತ ಕೆಂಪಗೆ ಬಾತದ್ದನ್ನು ಕಂಡು, "ಏನಿದು?" ಎಂದು ಕೇಳಿದ್ದಳು. ಏನು ಹೇಳಬೇಕೋ ತಿಳಿಯದೆ ನೀಲಗಂಗಾ, "ಬಳಿ ಇಡಸ್ಕೊಳ್ಳುವಾಗ..." ಎಂದಿದ್ದಳು. ಅಷ್ಟೇ ಸಾಕಾಯಿತು. ಉಮಾಬಾಯಿ ತನ್ನ ಕೈಯಿಂದಲೇ ಅರಿಷಿಣ ಎಣ್ಣೆ ಹಚ್ಚಿದಳು. ಮರುದಿನ ಬಳೆಗಾರ್ತಿ ಸಕ್ಕುಬಾಯಿ ಗಲ್ಲಿಗೆ ಬಂದಾಗ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಬೈದಳು.

"ಏ ಸಕ್ಕೂ, ಎಮ್ಮಿ ಕಟ್ಟೂ ಕೈಲೆ ಬಳಿ ಇಡತಿ ಏನ ನೀ? ನನ್ನ ಸೊಸಿ ಕೈ ನೋಡು, ಏನ ಮಾಡಿದಿ!"

"ಯವ್ವಾ ಉಮಕ್ಕಾ, ನನ್ನ ಕೈ ಅಂಥಾದ್ದಲ್ಲ ಬೇ! ಕೂಸಿನ ಕೈಗೂ ಬಳಿ ಇಡತೀನಿ, ಒಂದ ಕೂಸು ಅತ್ತಿಲ್ಲ!"

"ಮತ್ತ ಇದು ತಾನ ಆತೇನ? ಇನ್ನ ನಮ್ಮ ಕಟ್ಟಿ ಹತ್ತಬ್ಯಾಡ ನೀ."

ಸಕ್ಕುಬಾಯಿ ಬುಟ್ಟಿ ಎತ್ತಿಕೊಂಡು ಹೋಗುವಾಗ ಒಮ್ಮೆ ಹಿಂದಿರುಗಿ ನೀಲಗಂಗಾಳನ್ನು ನೋಡಿದಳು. ನೀಲಗಂಗಾ ಬಾಗಿಲ ಹಿಂದೆ ಸರಿದಳು.

ಹಾಳೆಗಳನ್ನು ತಾನೇ ತೆಗೆದು ಅತ್ತೆಯ ಮುಂದೆ ಹಿಡಿದರೆ? ಆ ಮಾತನ್ನು ಅವನೇ ಮುಂಚೆ ಆಡಿಬಿಟ್ಟಿದ್ದ. "ಹೇಳ ಹೋಗು. ನಿನ್ನ ಟ್ರಂಕಿನ್ಯಾಗ ಸಿಕ್ಕವು ಅಂತೀನಿ. ಹಳ್ಳಿಯಿಂದ ಬರೂವಾಗ ತಂದಾಳ ಅಂತೀನಿ. ಯಾರ ಮಾತು ನಂಬತಾರ ನೋಡೂಣು." ಯಾರ ಕೈಯಲ್ಲಿ ಸಿಕ್ಕವೋ ಅವರದೇ ಪಾಪವಾಗುವಂಥ ವಸ್ತು ಅದು. ತನ್ನ ಕೈ ಸೋಕದೆ, ಇನ್ನೊಬ್ಬರ ಕೈಯಿಂದ, ಅತ್ತೆಯ ಕಣ್ಣೆದುರಿಗೆ ಅದು ಹೊರಬರಬೇಕು.

ಈ ದಾರಿಯನ್ನು ತೋರಿಸಿದವಳು ಉಮಾಬಾಯಿಯೇ. ದೀಪಾವಳಿಯ ಸುಣ್ಣ ಬಳಿಯುವಾಗ ಹೇಳಿದ್ದಳು: "ಚಿತ್ರ ಹುಷಾರಿಲೆ ಇಳಸು ತಂಗಿ. ಕಾಚು ಒಡದ ದೇವರು ಮನ್ಯಾಗ ಹೊತ್ತ ಮುಣಗೂತನ ಇರಬಾರದು. ಎಲ್ಲಿಂದ ಬಂದಾರೋ ಅಲ್ಲಿಗೆ ಮುಟ್ಟಸಬೇಕು." ಆ ಮಾತು ನೀಲಗಂಗಾಳೊಳಗೆ ಬೀಜದ ಹಾಗೆ ಬಿದ್ದು, ಇಷ್ಟು ದಿನ ಮಣ್ಣಿನಲ್ಲಿದ್ದು, ಇವತ್ತು ಗುರುವಾರ ಬೆಳಿಗ್ಗೆ ಮೊಳಕೆಯೊಡೆದಿತ್ತು.

ಉಮಾಬಾಯಿ ಹೂ ಹಿಡಿದುಕೊಂಡು ಮೆಟ್ಟಿಲೇರಿ ಬಂದಳು. ಗೆರೆ ಕಂಡಳು. ಹೂವಿನ ತಾಟನ್ನು ನೆಲಕ್ಕಿಟ್ಟಳು.

"ಅಯ್ಯ ಶಿವನ! ಇದೇನಾತು?"

"ಗೊತ್ತಿಲ್ರೀ ಅತ್ತಿ."

ಉಮಾಬಾಯಿ ಮಾಡಿನ ಕಡೆ ನೋಡಿದಳು. ಅಲ್ಲೊಂದು ಹಲ್ಲಿ ಏನೂ ಅರಿಯದಂತೆ ಅಂಟಿಕೊಂಡಿತ್ತು. "ಇದರದ ಕೆಲಸ," ಎಂದಳು. "ಇರಲಿ. ಶಾಂತು ಅಂಗಡಿಗೆ ಹೋದನೇನ? ಛಲೋ ಆತು, ಅವನ ದಾರಿ ಕಾಯೂದು ಬ್ಯಾಡ. ನಾ ಅಕ್ಕಲಕೋಟಕ್ಕ ಹೋಗಿ ಮರದ ಬುಡಕ್ಕ ಇಟ್ಟ ಬರ್ತೀನಿ."

"ನಾನೂ ಬರ್ತೀನ್ರಿ."

"ಗಂಡನ ಊಟ?"

"ಮುಚ್ಚಿಟ್ಟೀನ್ರಿ," ಎಂದುಬಿಟ್ಟಳು ನೀಲಗಂಗಾ. ಒಂದು ರೊಟ್ಟಿಯೂ ಇನ್ನೂ ಬುಟ್ಟಿಗೆ ಬಿದ್ದಿರಲಿಲ್ಲ ಎಂಬುದು ರೊಟ್ಟಿ ಬಡಿಯುತ್ತಿದ್ದವಳಿಗೇ ಗೊತ್ತಿತ್ತು. ಉಮಾಬಾಯಿ ಅವಳನ್ನೊಮ್ಮೆ ನೋಡಿ, ಸ್ವಾಮಿಗಳನ್ನು ನೋಡುವ ಆಸೆ ಇರಬೇಕೆಂದುಕೊಂಡು, "ನಡಿ ಮತ್ತ," ಎಂದಳು.

ಮಧ್ಯಾಹ್ನ ಒಂದಕ್ಕೆ ಅವನು ಊಟಕ್ಕೆ ಬರುವ ಮುಂಚೆ ಊರು ಬಿಡಬೇಕು. ನೀಲಗಂಗಾಳ ಲೆಕ್ಕ ಅದೊಂದೇ. ಆದರೆ ಉಮಾಬಾಯಿ ಯಾವತ್ತೂ ಅವಸರ ಮಾಡಿದವಳಲ್ಲ. ಚಿತ್ರಕ್ಕೆ ಮಡಿ ಪಂಚೆ ಸುತ್ತಿದಳು. ಬಿಚ್ಚಿದಳು, ಹಳೆಯದು ಬೇಡವೆಂದು ಹೊಸದು ಸುತ್ತಿದಳು. ತೆಂಗಿನಕಾಯಿ ಹುಡುಕಿದಳು. ಬಾಗಿಲಿಗೆ ಕೀಲಿ ಹಾಕಿ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡಿದಳು. ಕಟ್ಟೆಯ ಮೇಲೆ ಪಕ್ಕದ ಮನೆಯ ಅಕ್ಕನಾಗಮ್ಮ ಜೋಳ ಹಸನು ಮಾಡುತ್ತ ಕೂತಿದ್ದಳು.

"ಎಲ್ಲಿಗೆ ಹೊಂಟಿ ಉಮಕ್ಕಾ, ಸೊಸಿನ್ನ ಕರಕೊಂಡು?"

"ಅಕ್ಕಲಕೋಟಕ್ಕ. ಹಲ್ಲಿ ಬಿದ್ದು ಸ್ವಾಮಿಗಳ ಕಾಚು ಒಡದೈತಿ."

"ಹಲ್ಲಿ ಬಿದ್ದು ಕಾಚು ಒಡಿತೈತಿ? ಹಲ್ಲಿ ಏನ ಪೈಲವಾನ ಐತೇನ ನಿಮ್ಮನ್ಯಾಗ? ದಿನಾ ತಾಲೀಮು ಮಾಡತೈತಿ?"

ಉಮಾಬಾಯಿ ನಕ್ಕಳು, ನಿಂತಳು, ಸೊಂಟದ ಮೇಲೆ ಕೈ ಇಟ್ಟಳು. ಅಂದರೆ ಇನ್ನು ಮಾತು ಮುಗಿಯುವುದಿಲ್ಲ. ನೀಲಗಂಗಾ ಚಿತ್ರವನ್ನು ಎದೆಗೆ ಅವಚಿಕೊಂಡು ಗಲ್ಲಿಯ ತುದಿ ನೋಡಿದಳು. ಯಾವ ಬಿಳಿ ಅಂಗಿ ತಿರುಗಿ ಬಂದರೂ ಅವನೇ ಅನಿಸುತ್ತಿತ್ತು. "ಅತ್ತಿ, ಗಾಡಿ ಹೋದೀತ್ರಿ," ಎಂದಳು. "ಹೋದ್ರ ಇನ್ನೊಂದು ಬರ್ತೈತಿ," ಎಂದಳು ಉಮಾಬಾಯಿ.

ಬಸ್ಸು ಸಿಕ್ಕಿತು. ಕಿಟಕಿಯ ಹೊರಗೆ ಜೋಳದ ಹೊಲಗಳು, ಕರಿ ಮಣ್ಣು, ಅಲ್ಲೊಂದು ಇಲ್ಲೊಂದು ಬೇವಿನ ಮರ. ಉಮಾಬಾಯಿ ಕಣ್ಣು ಮುಚ್ಚಿ ತುಟಿಯಲ್ಲಿ ನಾಮ ನುಡಿಯುತ್ತಿದ್ದಳು. ನೀಲಗಂಗಾಳ ತೊಡೆಯ ಮೇಲೆ ಚಿತ್ರ. ಗಾಡಿ ಕುಲುಕಿದಾಗಲೆಲ್ಲ ಹಲಗೆಯೊಳಗೆ ಏನೋ ಸರಿದಂತಾಗುತ್ತಿತ್ತು. ಅವಳು ಎರಡೂ ಕೈಯಿಂದ ಒತ್ತಿ ಹಿಡಿದಳು. ಇಷ್ಟು ದಿನ ತನ್ನನ್ನು ಹಿಡಿದಿಟ್ಟದ್ದನ್ನು ಈಗ ತಾನು ಹಿಡಿದುಕೊಂಡು ಕೂತಿದ್ದೇನೆ ಅನಿಸಿತು. ಮಾವನೂ ಇದನ್ನು ಹೀಗೆಯೇ ತೊಡೆಯ ಮೇಲಿಟ್ಟುಕೊಂಡು ಇದೇ ದಾರಿಯಲ್ಲಿ ಬಂದಿರಬೇಕು. ಆಗ ಅದರ ಬೆನ್ನಿನಲ್ಲಿ ಬರೀ ಹಲಗೆ ಇತ್ತು.

ಅಕ್ಕಲಕೋಟದಲ್ಲಿ ಗುರುವಾರದ ಗದ್ದಲ. ಸ್ವಾಮಿಗಳ ಆಲದ ಮರದ ಕೆಳಗೆ ಜನ ಸುತ್ತು ಹಾಕುತ್ತಿದ್ದರು. ಮರದ ಬುಡದ ಒಂದು ಮೂಲೆಯಲ್ಲಿ ಹಳೆಯ ಚಿತ್ರಗಳು ಒಂದಕ್ಕೊಂದು ಆನಿಕೊಂಡು ನಿಂತಿದ್ದವು. ಬಣ್ಣ ಹೋದವು, ಚೌಕಟ್ಟು ಮುರಿದವು. ಯಾರು ಯಾರೋ ಮನೆಯಲ್ಲಿ ಇರಿಸಿಕೊಳ್ಳಲಾರದೆ ತಂದು ಒಪ್ಪಿಸಿದವು. ಉಮಾಬಾಯಿ ಪಂಚೆ ಬಿಚ್ಚಿದಳು. ಕಾಯಿ ಒಡೆದಳು. ಚಿತ್ರವನ್ನು ಎತ್ತಿ ಹಣೆಗೆ ಮುಟ್ಟಿಸಿ, ಇಡಲು ಬಾಗಿದಳು.

ನೀಲಗಂಗಾ ಇದನ್ನು ಎಣಿಸಿರಲಿಲ್ಲ. ಬಿಚ್ಚದೆ ಇಟ್ಟುಬಿಟ್ಟರೆ? ಹಾಳೆಗಳು ಇಲ್ಲೇ ಕೊಳೆಯುತ್ತವೆ. ಅವನು ಮತ್ತೆ ತರುತ್ತಾನೆ. ಇನ್ನೊಂದು ದೇವರ ಬೆನ್ನು ಹುಡುಕುತ್ತಾನೆ.

"ಅತ್ತೀ!"

ಉಮಾಬಾಯಿ ಬಾಗಿದವಳು ಹಾಗೆಯೇ ತಿರುಗಿದಳು.

"ಕಾಚು ತಗಸೂಣ್ರಿ. ಬರಿಗಾಲಿಲೆ ಸುತ್ತತಾರ ಮಂದಿ. ಚೂರು ಬಿದ್ದು ಯಾರದರ ಕಾಲಿಗೆ ಚುಚ್ಚಿದ್ರ ಪಾಪ ನಮಗ ಬರ್ತೈತಿ."

ಉಮಾಬಾಯಿ ಒಂದು ಗಳಿಗೆ ಯೋಚಿಸಿದಳು. "ಖರೆ ಐತಿ," ಎಂದಳು. "ನನಗ ಹೊಳೀಲಿಲ್ಲ ನೋಡು."

ಗುಡಿಯ ಓಣಿಯಲ್ಲಿ ದೇವರ ಚಿತ್ರಕ್ಕೆ ಚೌಕಟ್ಟು ಕಟ್ಟುವ ಧೂಳಪ್ಪನ ಅಂಗಡಿ. ಸಿದ್ದಣ್ಣ ಚಿತ್ರ ಕಟ್ಟಿಸಿದ್ದೂ ಅಲ್ಲಿಯೇ. ಅಂಗಡಿಯ ಅರ್ಧ ಬಾಗಿಲು ಹಾಕಿತ್ತು. "ಉಣ್ಣಾಕ ಹೋಗ್ಯಾನ್ರಿ, ಬರ್ತಾನ," ಎಂದ ಪಕ್ಕದ ಹೂವಿನವ. ಉಮಾಬಾಯಿ ಮೆಟ್ಟಿಲ ಮೇಲೆ ಕೂತು ಪ್ರಸಾದದ ಕೊಬ್ಬರಿ ತಿನ್ನತೊಡಗಿದಳು. ನೀಲಗಂಗಾಗೆ ಕೂಡಲಾಗಲಿಲ್ಲ. ಗಡಿಯಾರದಲ್ಲಿ ಒಂದು ಹೊಡೆದಿರಬೇಕು. ಮನೆಗೆ ಬಂದಿರುತ್ತಾನೆ. ಕೀಲಿ ಕಂಡಿರುತ್ತಾನೆ. ಅಕ್ಕನಾಗಮ್ಮ ಹಲ್ಲಿಯ ಕತೆಯನ್ನು ನಗುತ್ತ ಹೇಳಿರುತ್ತಾಳೆ. ಸ್ಕೂಟರಿಗೆ ಒದ್ದಿರುತ್ತಾನೆ.

"ಯಾಕ ಹಂಗ ಒದ್ದಾಡ್ತಿ? ಕೂಡು."

"ಕಾಲು ಹಿಡದಾವ್ರಿ, ಅಡ್ಡಾಡಿದ್ರ ಬಿಡತಾವು."

ಒಂದು ತಾಸಿನ ಮೇಲೆ ಧೂಳಪ್ಪ ಹಲ್ಲು ಕಡ್ಡಿ ಆಡಿಸುತ್ತ ಬಂದ. ದೊಡ್ಡ ಹೊಟ್ಟೆಯ ನಗುಮುಖದ ಮನುಷ್ಯ. ಚಿತ್ರವನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದ.

"ಸ್ವಾಮಿಗಳು ಭಾಳ ವಜ್ಜೆ ಆಗ್ಯಾರಲ್ಲ ಯವ್ವಾ! ದಿನಾ ಹೋಳಿಗಿ ಎಡಿ ಮಾಡೀರೇನ?"

ಮೇಜಿನ ಮೇಲೆ ಬೋರಲು ಹಾಕಿ, ಇಕ್ಕಳದಿಂದ ಮೊಳೆ ಕೀಳತೊಡಗಿದ. ನೀಲಗಂಗಾಗೆ ಆಗ ಇನ್ನೊಂದು ಹೊಳೆಯಿತು. ಈ ಪರ ಗಂಡಸಿನ ಎದುರಿಗೆ, ಅತ್ತೆಯ ಎದುರಿಗೆ, ಒಟ್ಟಿಗೆ! ಬೇಡ, ನಿಲ್ಲಿಸಿ ಅನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಕೊನೆಯ ಮೊಳೆ ಕಿತ್ತು ಬಂತು. ಧೂಳಪ್ಪ ಹಲಗೆ ಎತ್ತಿದ.

ನಗುಮುಖ ಹೋಯಿತು. ಹಲಗೆಯನ್ನು ಹಾಗೆಯೇ ತಿರುಗಿ ಮುಚ್ಚಿದ. ಸ್ವಲ್ಪ ಹೊತ್ತು ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ.

"ಯವ್ವಾ, ಇದನ್ನ ನೀವ ತಗದು ನೋಡ್ರಿ. ನಾ ಚಾ ಕುಡದು ಬರ್ತೀನಿ."

"ಈಗ ಉಂಡ ಬಂದೆಲ್ಲೋ?"

"ಹೌದ್ರಿ. ಚಾ ಕುಡೀಬೇಕಾಗೇತಿ." ಅರ್ಧ ಬಾಗಿಲನ್ನು ಇನ್ನಷ್ಟು ಮುಂದೆ ಎಳೆದು ಹೊರಗೆ ಹೋದ.

ಉಮಾಬಾಯಿ ಹಲಗೆ ಸರಿಸಿದಳು.

ಮೊದಲು ಅವಳಿಗೆ ತಿಳಿಯಲಿಲ್ಲ. ಬಣ್ಣಗಳು ಕಂಡವು, ಮೈ ಕಂಡಿತು. ತಿಳಿದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿದಳು. "ಶಿವ ಶಿವ," ಎಂದಳು. ಮತ್ತೆ ತಿರುಗಿದಳು. ಮೇಲಿನ ಹಾಳೆಯಲ್ಲಿ ಒಬ್ಬ ಹೆಂಗಸು ಕೈಗಳನ್ನು ತಲೆಯ ಮೇಲೆ ಜೋಡಿಸಿಕೊಂಡಿದ್ದಳು. ಮಣಿಕಟ್ಟಿಗೆ ಹುರಿ ಸುತ್ತಿತ್ತು. ನಗುತ್ತಿದ್ದಳು. ಉಮಾಬಾಯಿ ಆ ನಗುವನ್ನು ನೋಡಲಿಲ್ಲ, ಹುರಿಯನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು.

ಆಮೇಲೆ ನೀಲಗಂಗಾಳ ಬಲಗೈ ಹಿಡಿದು ಎಳೆದುಕೊಂಡು, ಬಳೆಗಳನ್ನು ಮೊಣಕೈಯ ತನಕ ಸರಿಸಿದಳು. ಮೊನ್ನೆ ತಾನೇ ಅರಿಷಿಣ ಹಚ್ಚಿದ ಜಾಗ ಇನ್ನೂ ಹಳದಿಯಾಗಿತ್ತು.

"ಬಳಿ ಅಲ್ಲ?"

"ಅಲ್ರಿ."

"ಶಾಂತು?"

ನೀಲಗಂಗಾ ತಲೆ ಬಾಗಿಸಿದಳು. "ಅಂಗಡಿ ಸುತಳೀಲೆ," ಎಂದಳು.

"ಯಾವಾಗ? ನಾ ಮನ್ಯಾಗ ಇರತೀನಲ್ಲ..." ಎನ್ನುತ್ತಿದ್ದವಳು ತಾನೇ ನಿಂತಳು. "ನಾ ಪುರಾಣಕ್ಕ ಹೋದಾಗ."

"ಹ್ಞೂಂ."

"ಹೇಳಬಾರದಿತ್ತಾ ನನಗ?"

"ಯಾವ ಬಾಯಿಲೆ ಹೇಳಲ್ರೀ ಅತ್ತಿ? ಇದಕ್ಕ ನನಗ ಮಾತು ಬರೂದಿಲ್ಲ."

ಹೊರಗೆ ಯಾರೋ ಗಂಟೆ ಬಾರಿಸಿದರು. ಉಮಾಬಾಯಿ ಗೆರೆ ಬಿದ್ದ ಗಾಜಿನ ಕಡೆ ನೋಡಿದಳು. ದಿನಾ ಹಣೆ ಹಚ್ಚಿದ ಗಾಜು. ಅದಕ್ಕೆ ಹಣೆ ಹಚ್ಚಿ, ಸೊಸೆಗೆ ಒಳ್ಳೆಯ ಬುದ್ಧಿ ಕೊಡು, ಮುಖದ ಮೇಲೆ ನಗು ಇಡು ಎಂದು ಅವಳು ಬೇಡಿಕೊಂಡಿದ್ದಳು.

"ಇದು ಹೆಂಗ ಒಡೀತು?" ಎಂದು ಕೇಳಿದಳು.

"ನಾನ ಒಡದೀನ್ರಿ. ಅಡಕೊತ್ತಿಲೆ." ಎಂದಳು ನೀಲಗಂಗಾ. "ಸ್ವಾಮಿಗಳ ಕಡೆ ತಪ್ಪಾತು ಅಂತ ಕೇಳೀನಿ. ನಿಮ್ಮ ಕಡೆ ಕೇಳಿಲ್ಲ."

ಉಮಾಬಾಯಿ ಹಾಳೆಗಳನ್ನು ಮಡಿ ಪಂಚೆಯಲ್ಲಿ ಕಟ್ಟಲು ಹೋಗಿ, ಬೇಡವೆಂದು ಅಂಗಡಿಯ ಮೂಲೆಯಲ್ಲಿದ್ದ ರದ್ದಿ ಕಾಗದದಲ್ಲಿ ಸುತ್ತಿದಳು. ಅಷ್ಟರಲ್ಲಿ ಓಣಿಯಲ್ಲಿ ಸ್ಕೂಟರಿನ ಸದ್ದಾಯಿತು. ನೀಲಗಂಗಾ ಅದನ್ನು ಸಾವಿರ ಗಾಡಿಗಳ ನಡುವೆಯೂ ಗುರುತಿಸಬಲ್ಲಳು. ಅವಳು ಮೇಜಿನ ಹಿಂದೆ ಸರಿದಳು.

ಶಾಂತಲಿಂಗಪ್ಪ ಬೆವರಿ ಧೂಳಾಗಿದ್ದ. ಬಾಗಿಲಲ್ಲೇ ನಗಲು ನೋಡಿದ. "ಅವ್ವಾ, ನಾ ತರತಿದ್ನಲ್ಲ. ಈ ಬಿಸಲಾಗ ಯಾಕ..." ಬಿಚ್ಚಿದ ಹಲಗೆ ಕಣ್ಣಿಗೆ ಬಿತ್ತು. ರದ್ದಿಯ ಗಂಟು ಕಂಡಿತು. ಮಾತು ಬದಲಾಯಿತು. "ಅದು ನಂದಲ್ಲ. ಈಕೀನ ಇಟ್ಟಿರಬೇಕು. ಕೇಳು ಈಕೀನ್ನ! ಏ, ಹೇಳ..."

ಅವನ ಬಲಗೈ ಎದ್ದಿತು. ಹೊಡೆಯಲೆಂದಲ್ಲ, ಬರೀ ಹೆದರಿಸಲು. ಆದರೆ ಅದು ಎದ್ದ ರೀತಿಯನ್ನು ಉಮಾಬಾಯಿ ಕಂಡಳು. ದಿನಾ ಗಡಿಗೆಯ ಮುಚ್ಚಳ ಎತ್ತುವ ಕೈಗೆ ಇರುವಂಥ ರೂಢಿ ಅದಕ್ಕಿತ್ತು. ಅದು ಏಳುವ ಮುಂಚೆಯೇ ನೀಲಗಂಗಾ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಿದ್ದಳು. ಅದನ್ನೂ ಕಂಡಳು.

"ಕೈ ಇಳಸು," ಎಂದಳು.

ಅವನು ಇಳಿಸಿದ. ಅವ್ವನ ಇಂಥ ಸಣ್ಣ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. ಕುಸಿದು ಅವಳ ಕಾಲ ಹತ್ತಿರ ಕೂತ. "ತಪ್ಪಾತ ಅವ್ವಾ. ಮುಂಬೈ ಮಂದಿ ಕೊಟ್ರು. ನೋಡಿ ನೋಡಿ ತಲಿ ಕೆಟ್ಟಿತು. ಈ ಕಾಗದಾನ ನನ್ನ ಹಾಳ ಮಾಡಿದ್ವು. ಇಲ್ಲೇ ಸುಟ್ಟ ಬಿಡೂಣು, ಸ್ವಾಮಿಗಳ ಮುಂದ. ಎಲ್ಲಾ ಸರಿ ಆಗತೈತಿ."

"ಸುಡತೀನಿ," ಎಂದಳು ಉಮಾಬಾಯಿ. "ಸುಟ್ರ ಕಾಗದ ಸುಡತೈತಿ. ಆದ್ರ ಕಾಗದ ಎದ್ದು ಬಂದು ಈಕಿ ಕೈ ಕಟ್ಟಲಿಲ್ಲಲ್ಲೋ ಶಾಂತೂ. ಸುತಳಿ ಅಂಗಡಿಯಿಂದ ತಂದಾಂವ ನೀ."

"ಆಣಿ ಮಾಡತೀನಿ. ಲಿಂಗ ಮುಟ್ಟಿ..."

"ಬ್ಯಾಡ!" ಆಗ ಮಾತ್ರ ಅವಳ ದನಿ ಏರಿತು. "ಸ್ವಾಮಿಗಳ ಬೆನ್ನಿಗೆ ಇದನ್ನ ಇಟ್ಟಾಂವ ನೀ. ಇನ್ನೊಂದು ದೇವರ ಮುಟ್ಟಬ್ಯಾಡ."

ಅವನು ಎದ್ದು ನಿಂತು, "ಆತು. ಮನಿಗೆ ಹೋಗಿ ಮಾತಾಡೂಣು, ನಡೀರಿ," ಎಂದ. ಅವನ ಕಣ್ಣು ಅವ್ವನನ್ನು ದಾಟಿ ಹೆಂಡತಿಯ ಮೇಲೆ ಹೋಗಿ ನಿಂತಿತು. ಆ ನೋಟದಲ್ಲಿ ನಾಳೆಯ ಮಧ್ಯಾಹ್ನ ಇತ್ತು.

ಉಮಾಬಾಯಿ ಸೊಂಟದ ಕೀಲಿ ಗೊಂಚಲನ್ನು ಮುಟ್ಟಿ ನೋಡಿಕೊಂಡಳು. "ನೀ ಹೋಗು. ಮನಿ ಕೀಲಿ ನನ್ನ ಕಡೆ ಇರ್ತೈತಿ. ಅಂಗಡ್ಯಾಗ ಮಲಕೋ. ನಾ ಈಕಿನ್ನ ಭಂಡಾರಕವಠೆಗೆ ಬಿಟ್ಟ ಬರ್ತೀನಿ."

"ಮಂದಿ ಏನ ಅಂದಾರು ಅವ್ವಾ? ಬಿಟ್ಟ ಬಂದ್ರ ಸೊಸಿದ ತಪ್ಪು ಅಂತಾರ, ನಮ್ಮ ಮನೀ ಮರ್ಯಾದಿ..."

"ಏನ ಅನಬೇಕು ಅಂತ ಮಂದಿಗೆ ನಾ ಹೇಳತೀನಿ."

ಧೂಳಪ್ಪ ಚಾ ಕುಡಿದು ಬಂದಾಗ ಸ್ಕೂಟರು ಹೋಗಿತ್ತು. ಅಂಗಡಿಯ ಹಿತ್ತಿಲಲ್ಲಿ ಇದ್ದಿಲ ಒಲೆಯೊಂದು ಹೊಗೆಯಾಡುತ್ತಿತ್ತು, ಅವನು ಕೇಳಲಿಲ್ಲ. ಗಾಜು ತೆಗೆದು, "ಮರದ ಬುಡಕ್ಕ ಇಡತೀರೇನ್ರಿ ಯವ್ವಾ?" ಎಂದ.

"ಇಲ್ಲಪ. ಒಡದದ್ದು ಕಾಚು. ಸ್ವಾಮಿಗಳು ಏನ ಮಾಡ್ಯಾರ? ಹೊಸಾ ಕಾಚು ಹಾಕು."

"ಹಲಗಿ ಇದ ಇರಲಿ?"

"ಹಲಗಿ ಬ್ಯಾಡ. ಹಿಂದೂ ಕಾಚು ಹಾಕು."

"ಹಿಂದ ಕಾಚು ಯಾರೂ ಹಾಕೂದಿಲ್ರಿ."

"ನೀ ಹಾಕಪ."

ಅವನು ಹಾಕಿದ. ಮುಂದೆ ಸ್ವಾಮಿಗಳು, ಹಿಂದೆ ಗಾಜಿನೊಳಗಿಂದ ಹಳೆಯ ಕಾಗದದ ಬರಿ ಬೆನ್ನು.

ಭಂಡಾರಕವಠೆಗೆ ದಾರಿಯಲ್ಲಿ ಗಾಡಿ ಬದಲಿಸಬೇಕು. ಉಮಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ನಾಮ ನುಡಿಯಲಿಲ್ಲ. ಅವಳ ತುಟಿ ಮಾತ್ರ ಅಲುಗುತ್ತಿತ್ತು. ಏನೋ ಒಂದು ಮಾತನ್ನು ಹೇಳಿ ಹೇಳಿ ನೋಡುವಂತೆ, ಸರಿಹೋಗದೆ ಮತ್ತೆ ಮೊದಲಿನಿಂದ ಹೇಳುವಂತೆ. ನೀಲಗಂಗಾಳ ಚಡಪಡಿಕೆ ಮುಗಿದಿರಲಿಲ್ಲ. ಅಪ್ಪನ ಮುಂದೆ ಅತ್ತೆ ಏನು ಹೇಳುತ್ತಾಳೆ? ಎಷ್ಟಾದರೂ ಹೆತ್ತ ಮಗ. ನಾಲ್ಕು ದಿನ ಇರಲೆಂದು ಬಿಟ್ಟು ಹೋಗುತ್ತೇನೆ ಅಂದರೆ, ಅಪ್ಪ ಐದನೆಯ ದಿನ ಗಾಡಿ ಕಟ್ಟುತ್ತಾನೆ. ಮೈಗೆ ಸರಿಯಿಲ್ಲ ಅಂದರೂ ಅಷ್ಟೆ. ಅತ್ತೆಯ ಬಾಯಿಂದ ಬರುವ ಒಂದು ಮಾತಿನ ಮೇಲೆ ತನ್ನ ಇಡೀ ಬದುಕು ಕೂತಿದೆ. ಆ ಮಾತು ಯಾವುದೆಂದು ಕೇಳುವ ಧೈರ್ಯ ಅವಳಿಗಿರಲಿಲ್ಲ.

ನಡುವೆ ಒಮ್ಮೆ ಉಮಾಬಾಯಿ ತನ್ನಷ್ಟಕ್ಕೆ ಎಂಬಂತೆ, "ಸಕ್ಕುಬಾಯಿಗೆ ಎಷ್ಟ ಬೈದೆ ನಾ," ಎಂದಳು. ಅಷ್ಟೇ.

ಊರು ಸೇರಿದಾಗ ದನಗಳು ಮನೆಗೆ ಬರುವ ಹೊತ್ತು. ಸಾತಲಿಂಗಪ್ಪ ಅಂಗಳದಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ. ಬೀಗತಿಯನ್ನು ಕಂಡು ಗಡಬಡಿಸಿ ರುಮಾಲು ಸರಿಮಾಡಿಕೊಂಡ. "ಬರ್ರಿ ಬರ್ರಿ ಅಕ್ಕಾರ! ಏ, ಕಾಲಿಗೆ ನೀರ ತರ್ರಿ!" ನೀಲಗಂಗಾಳ ಅವ್ವ ತಂಬಿಗೆ ಹಿಡಿದು ಓಡಿ ಬಂದಳು. ಮಗಳ ಮುಖ ನೋಡಿ ಅವಳ ನಡೆ ನಿಧಾನವಾಯಿತು.

ಉಮಾಬಾಯಿ ಅಂಗಳದಲ್ಲೇ ನಿಂತಳು. ತಂಬಿಗೆಯ ಕಡೆ ಕೈ ನೀಡಲಿಲ್ಲ. ಬೀಗರು ಕಾಲು ತೊಳೆಯದೆ ನಿಂತರೆ ಏನೋ ದೊಡ್ಡ ಮಾತಿದೆ ಎಂದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಪಕ್ಕದ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದವನೂ ಕೊಡಲಿ ನಿಲ್ಲಿಸಿದ. ಸಾತಲಿಂಗಪ್ಪನ ಮುಖ ಸಣ್ಣದಾಯಿತು. ಮಗಳ ಕಡೆ ಒಂದು ಸಿಟ್ಟಿನ ನೋಟ ಹರಿಸಿ, ಕೈ ಮುಗಿದ.

"ಏನಾತ್ರೀ ಅಕ್ಕಾರ? ಹುಡುಗಿ ಏನರ ತಪ್ಪ ಮಾಡಿದಳೇನ್ರಿ? ಸಣ್ಣಾಕಿ ಅದಾಳ್ರಿ, ಹೊಟ್ಟ್ಯಾಗ ಹಾಕ್ಕೊಳ್ರಿ..."

ನೀಲಗಂಗಾ ಚಿತ್ರವನ್ನು ಎದೆಗೆ ಒತ್ತಿಕೊಂಡಳು.

"ನೀರು ಆಮ್ಯಾಲೆ," ಎಂದಳು ಉಮಾಬಾಯಿ. ಪಕ್ಕದ ಅಂಗಳಕ್ಕೂ ಕೇಳುವಷ್ಟು ಗಟ್ಟಿಯಾಗಿ ಎಂದಳು, ಸಕ್ಕುಬಾಯಿಯನ್ನು ಬೈದ ದನಿಯಲ್ಲಿ. "ಮೊದಲ ನನ್ನ ಮಾತ ಕೇಳ್ರಿ ಸಾತಲಿಂಗಪ್ಪನವರ. ತಪ್ಪು ನಿಮ್ಮ ಮಗಳದಲ್ಲ. ನನ್ನ ಮಗ ಈಕಿನ್ನ ಹೊಡದಾನ, ಕಟ್ಟಿ ಹೊಡದಾನ. ನನ್ನ ಮನ್ಯಾಗ, ನನ್ನ ದೇವರ ಮುಂದ. ಮೈಮ್ಯಾಲಿನ ಗಾಯಕ್ಕ ಅರಿಷಿಣ ಹಚ್ಚಿದಾಕಿ ನಾನ, ನನಗೂ ತಿಳೀಲಿಲ್ಲ. ಯಾರ ಬಂದು ಕರದರೂ ಕಳಸಬ್ಯಾಡ್ರಿ. ಅವ ಬಂದ್ರೂ ಕಳಸಬ್ಯಾಡ್ರಿ. ನಾ ಬಂದು ಕರದರೂ, ಈಕಿ ಹೂಂ ಅಂದ್ರ ಅಷ್ಟ."

ಎತ್ತು ಒಮ್ಮೆ ಕೊರಳ ಗಂಟೆ ಅಲುಗಿಸಿತು. ಸಾತಲಿಂಗಪ್ಪ ಮಗಳ ಕಡೆ ತಿರುಗಿ ನೋಡಿದ. ಪಂಚಮಿಯಲ್ಲಿ ತಾನು ಕಟ್ಟಿಸಿದ ಗಾಡಿ ಅವನಿಗೆ ನೆನಪಾಗಿರಬೇಕು. ಅವನು ರುಮಾಲು ತೆಗೆದು ಮುಖ ಒರೆಸಿಕೊಂಡ. ಅವ್ವ ತಂಬಿಗೆಯನ್ನು ನೆಲಕ್ಕಿಟ್ಟು ಬಂದು, ನೀಲಗಂಗಾಳ ಕೈ ಹಿಡಿದು, ಬಳೆ ಸರಿಸಿ ನೋಡಿದಳು. ನೋಡಿ ಅಲ್ಲಿಯೇ ಕೂತುಬಿಟ್ಟಳು.

ಉಮಾಬಾಯಿ ಬಾಗಿ ತಂಬಿಗೆ ಎತ್ತಿಕೊಂಡಳು. ತನ್ನ ಕಾಲಿಗೆ ಹಾಕಿಕೊಳ್ಳಲಿಲ್ಲ. ಮೊದಲು ಸೊಸೆಯ ಕಾಲಿಗೆ ನೀರು ಹಾಕಿದಳು. ದಾರಿಯ ಧೂಳು ಕರಗಿ ಹರಿಯಿತು. "ಒಳಗ ಹೋಗು ಮಗಳ," ಎಂದಳು. "ಸ್ವಾಮಿಗಳನ್ನ ಎತ್ತರದಾಗ ಇಡು. ಬೆಳಕು ಎರಡೂ ಕಡಿಯಿಂದ ಬೀಳೂವಲ್ಲಿ."

ನೀಲಗಂಗಾ ಹೊಸ್ತಿಲು ದಾಟಿದಳು. ಒಳಗೆ ಒಲೆ ಉರಿಯುತ್ತಿತ್ತು, ಜೋಳದ ಹಿಟ್ಟಿನ ವಾಸನೆ ಇತ್ತು. ಚಿತ್ರವನ್ನು ಕಿಟಕಿಯ ಗೂಡಿನಲ್ಲಿಟ್ಟಳು. ಹೊರಗೆ ಅತ್ತೆ ಅದೇ ಮಾತನ್ನು ಇನ್ನೊಮ್ಮೆ, ಈಗ ಬಂದು ಸೇರಿದ ನೆರೆಯವರಿಗೆ, ಮೊದಲಿನಿಂದ ಹೇಳುತ್ತಿದ್ದಳು.